ಮಿಲಿಟರಿ ನೆಲೆಯ ಪಕ್ಕದ ನೀರು ಕುಡಿದವರಿಗೆ ನಿಜವಾಗಿಯೂ ಕಾಯಿಲೆ ಬಂತಾ?

ನಿಮ್ಮ ತಂಗಿ ಗಂಡನ ಕೆಲಸದ ಮೇಲೆ ಅಮೆರಿಕಕ್ಕೆ ಹೋಗುತ್ತಿದ್ದಾಳೆ, ಮನೆ ಸಿಕ್ಕಿರುವುದು ಮಿಲಿಟರಿ ನೆಲೆಯೊಂದರ ಪಕ್ಕದಲ್ಲಿ. ಅಂಥ ಕಡೆ ನೀರು ಕುಡಿದವರಿಗೆ ಕ್ಯಾನ್ಸರ್ ಬಂದಿದೆಯಂತೆ, ನಿಜವಾ, ಕುದಿಸಿ ಕುಡಿದರೆ ಸಾಕಾ ಅಂತ ಕೇಳಿದ್ದೀರಿ. ನಿಜ. ಕುದಿಸಿದರೆ ಸಾಲದು.

ನಾನು ಡಾಕ್ಟರಲ್ಲ, ಉಡುಪಿ ಜಿಲ್ಲೆಯ ಕಾಪು ಕಡೆಯವನು. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ನಮ್ಮ ದೊಡ್ಡಮ್ಮನ ಮನೆ ಬಾವಿಯಿಂದ. ಒಂದು ಮಳೆಗಾಲದಲ್ಲಿ ಕೊಡಪಾನ ಎಳೆದರೆ ನೀರಿನ ಮೇಲೆ ನವಿಲುಗರಿ ಬಣ್ಣದ ತೆಳು ಪದರ. ಮೂಗಿನ ಹತ್ತಿರ ತಂದರೆ ಸೀಮೆಎಣ್ಣೆಯಂಥ ವಾಸನೆ. ಸ್ವಲ್ಪ ಮೇಲೆ ಗುಡ್ಡದ ಬದಿಯಲ್ಲಿ ಒಂದು ಗ್ಯಾರೇಜ್ ಇತ್ತು, ಹಳೆ ಡೀಸೆಲ್, ಆಯಿಲ್ ಎಲ್ಲ ಹಿಂದಿನ ಹೊಂಡಕ್ಕೆ ಸುರಿಯುತ್ತಿದ್ದರು. ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಮೇಲೆ ಸುರಿದದ್ದು ಕೆಳಗಿನ ಬಾವಿಗೆ ಬಾರದೆ ಇರುತ್ತದಾ? ನೀರನ್ನು ಪರೀಕ್ಷೆಗೆ ಕೊಟ್ಟರೆ 'ಕುಡಿಯಲು ಯೋಗ್ಯ' ಅಂತ ಬಂತು! ಅವರು ನೋಡಿದ್ದು ಬ್ಯಾಕ್ಟೀರಿಯಾ, ಉಪ್ಪಿನಂಶ ಮಾತ್ರ. ಎಣ್ಣೆ ಇದೆಯಾ ಅಂತ ನಾವು ಕೇಳಿರಲಿಲ್ಲ, ಅವರು ನೋಡಿರಲಿಲ್ಲ.

ದೊಡ್ಡಮ್ಮನಿಗೆ ವಾಸನೆಯಾದರೂ ಬಂತು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕ್ಯಾಂಪ್ ಲಿಜೂನ್ ಅಂತ ಮರೀನ್ ಪಡೆಯ ಒಂದು ಮಿಲಿಟರಿ ನೆಲೆ ಇದೆ. ಅಲ್ಲಿ ಸೈನಿಕರ ಹೆಂಡತಿ ಮಕ್ಕಳು ನಳ್ಳಿ ತಿರುಗಿಸಿ ಆರಾಮಾಗಿ ಕುಡಿಯುತ್ತಿದ್ದರು. 1953ರಿಂದ 1987ರವರೆಗೆ ಆ ನೀರಿನಲ್ಲಿ ವಿಷ ಇತ್ತು. ಯಂತ್ರದ ಗ್ರೀಸ್ ತೆಗೆಯುವ ಟ್ರೈಕ್ಲೋರೋಎಥಿಲೀನ್, ಇಂಧನದ ಬೆಂಜೀನ್, ನೆಲೆಯ ಹೊರಗಿನ ಒಂದು ಡ್ರೈಕ್ಲೀನಿಂಗ್ ಅಂಗಡಿಯಿಂದ ಇಳಿದ ರಾಸಾಯನಿಕ. ಟ್ರೈಕ್ಲೋರೋಎಥಿಲೀನ್‌ಗೆ ಅಮೆರಿಕ ಈಗ ಇಟ್ಟಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಅಲ್ಲಿ 1982ರಲ್ಲಿ ಒಮ್ಮೆ ಸಿಕ್ಕಿದ್ದು 1,400. ಕೆಟ್ಟ ಬಾವಿಗಳಲ್ಲಿ ಹೆಚ್ಚಿನವನ್ನು ಮುಚ್ಚುವಾಗ 1985 ಆಗಿತ್ತು.

ಅದೇ 1985ರಲ್ಲಿ ಜೆರ್ರಿ ಎನ್ಸ್‌ಮಿಂಗರ್ ಎಂಬ ಮರೀನ್ ಸಾರ್ಜೆಂಟ್ ಅವರ ಮಗಳು ಜೇನಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಒಂಬತ್ತು ವರ್ಷದ ಮಗು. ನೀರಿನ ವಿಷಯ ಆ ಅಪ್ಪನ ಕಿವಿಗೆ ಬಿದ್ದದ್ದು 1997ರಲ್ಲಿ, ಟಿವಿ ಸುದ್ದಿಯಿಂದ. ಹನ್ನೆರಡು ವರ್ಷ ಅವರು 'ನನ್ನ ಮಗುವಿಗೇ ಯಾಕೆ' ಅಂತ ಕೇಳಿಕೊಂಡೇ ಇದ್ದಿರಬೇಕು, ಅದು ನನಗೆ ಇವತ್ತಿಗೂ ತಡೆದುಕೊಳ್ಳಲು ಆಗುವುದಿಲ್ಲ. ಅವರೂ ಅವರಂಥವರೂ ಬಿಡದೆ ಹೋರಾಡಿದ್ದಕ್ಕೆ 2012ರಲ್ಲಿ ಚಿಕಿತ್ಸೆಯ ಕಾನೂನು ಬಂತು, 2022ರಲ್ಲಿ ಪರಿಹಾರಕ್ಕೆ ಕೋರ್ಟಿಗೆ ಹೋಗುವ ಹಕ್ಕು ಬಂತು. ನಮ್ಮ ಬೆಳ್ತಂಗಡಿ ಕಡೆ ಕೊಕ್ಕಡದಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಕಾಯಿಲೆ ಬಿದ್ದವರ ಮನೆಗಳನ್ನು ನೋಡಿದವರಿಗೆ ಇದು ಗೊತ್ತಿರುವ ಕಥೆಯೇ, ಅಲ್ವಾ?

ಯಾವ ಕಾಯಿಲೆ ಅಂತೀರಾ? ಟ್ರೈಕ್ಲೋರೋಎಥಿಲೀನ್‌ನಿಂದ ಕಿಡ್ನಿ ಕ್ಯಾನ್ಸರ್, ಬೆಂಜೀನ್‌ನಿಂದ ರಕ್ತದ ಕ್ಯಾನ್ಸರ್ ಬರುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಇದೆ. 2023ರಲ್ಲಿ ಬಂದ ಅಧ್ಯಯನದಲ್ಲಿ, ಲಿಜೂನ್‌ನಲ್ಲಿದ್ದ ಸೈನಿಕರಿಗೆ ಕ್ಯಾಲಿಫೋರ್ನಿಯಾದ ಇನ್ನೊಂದು ನೆಲೆಯವರಿಗಿಂತ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಬರುವ ಸಾಧ್ಯತೆ 70% ಜಾಸ್ತಿ ಕಂಡಿತು. ಹಾಗಂತ ಕುಡಿದವರಿಗೆಲ್ಲ ಬಂದಿಲ್ಲ. ಸುಮ್ನೆ ತಂಗಿಯನ್ನು ಹೆದರಿಸಬೇಡಿ.

ಈಗ ಕುದಿಸುವ ಮಾತು. ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕಗಳು, ಅಂದರೆ ಗ್ರೀಸ್ ಕರಗಿಸುವ ರಾಸಾಯನಿಕಗಳು, ಬಿಸಿ ಮಾಡಿದರೆ ಗಾಳಿಗೆ ಏಳುತ್ತವೆ. ಬಾಗಿಲು ಹಾಕಿದ ಬಚ್ಚಲಲ್ಲಿ ಬಿಸಿನೀರು ಬಿಟ್ಟುಕೊಂಡರೆ ಅವು ಉಸಿರಿನ ಜೊತೆ ಒಳಗೆ ಹೋಗುತ್ತವೆ, ಚರ್ಮದಿಂದಲೂ ಹೋಗುತ್ತವೆ. ವಿಮಾನಕ್ಕೆ ಬೆಂಕಿ ಬಿದ್ದಾಗ ನಂದಿಸಲು ಹಾಕುವ ನೊರೆಯಲ್ಲಿರುವ ಪಿಎಫ್‌ಎಎಸ್ ಎಂಬ ರಾಸಾಯನಿಕ ಇದಕ್ಕೆ ತದ್ವಿರುದ್ಧ. ಅದು ಏಳುವುದೇ ಇಲ್ಲ, ಕುದಿಸಿ ನೀರು ಕಡಿಮೆಯಾದಷ್ಟೂ ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಅದರ ಅಂಶ ಜಾಸ್ತಿಯಾಗುತ್ತದೆ. ಏರ್‌ಬೇಸ್‌ಗಳ ಸುತ್ತಮುತ್ತ ಈಗ ಜಾಸ್ತಿ ಚಿಂತೆ ಇದರದ್ದೇ.

ತಂಗಿಗೆ ಹೀಗೆ ಹೇಳಿ. ನಳ್ಳಿ ನೀರಾದರೆ, ನೀರು ಕೊಡುವವರು ವರ್ಷಕ್ಕೊಮ್ಮೆ ಗುಣಮಟ್ಟದ ವರದಿ ಕೊಡಲೇಬೇಕು, ಅದನ್ನು ತರಿಸಿಕೊಳ್ಳಲಿ. ಮನೆಗೆ ಸ್ವಂತ ಬೋರ್‌ವೆಲ್ ಇದ್ದರೆ ಸರ್ಕಾರ ಬಂದು ನೋಡುವುದಿಲ್ಲ, ಮನೆ ಯಜಮಾನರೇ ಪರೀಕ್ಷೆ ಮಾಡಿಸಬೇಕು. ಪಿಎಫ್‌ಎಎಸ್, ಟ್ರೈಕ್ಲೋರೋಎಥಿಲೀನ್ ಅಂತ ಹೆಸರು ಹಿಡಿದೇ ಕೇಳಲಿ. ಇಲ್ಲವಾದರೆ ನಮಗೆ ಬಂದ ಹಾಗೆ 'ಯೋಗ್ಯ' ಅಂತ ಚೀಟಿ ಬರುತ್ತದೆ. ಪಿಎಫ್‌ಎಎಸ್ ಸಿಕ್ಕಿದರೆ ಕುಡಿಯಲು, ಅಡುಗೆಗೆ ಆರ್‌ಒ ಅಥವಾ ಒಳ್ಳೆಯ ಕಾರ್ಬನ್ ಫಿಲ್ಟರ್ ಹಾಕಿಸಲಿ, ಕಾರ್ಬನ್ನನ್ನು ಸಮಯಕ್ಕೆ ಬದಲಿಸಲಿ. ದ್ರಾವಕ ಸಿಕ್ಕಿದರೆ ಅಡುಗೆಮನೆ ಫಿಲ್ಟರ್ ಮಾತ್ರ ಸಾಲದು, ಸ್ನಾನದ ನೀರೂ ಶುದ್ಧವಾಗಬೇಕು.

ಇನ್ನೊಂದು, ಮನೆ ಬಾಡಿಗೆ ಕರಾರನ್ನು ಎಸೆಯದೆ ಇಟ್ಟುಕೊಳ್ಳಲಿ. ಲಿಜೂನ್‌ನವರು ಪರಿಹಾರ ಕೇಳಲು ಅಲ್ಲಿ ಕನಿಷ್ಠ 30 ದಿನ ಇದ್ದೆವು ಅಂತ ತೋರಿಸಬೇಕಾಗಿತ್ತು, ಅದೂ ನಲವತ್ತು ಐವತ್ತು ವರ್ಷ ಕಳೆದ ಮೇಲೆ.