ವಿಮಾನ ಹಾರುತ್ತಿರುವಾಗ ಮಗಳಿಗೆ ಕಾಕ್‌ಪಿಟ್ ತೋರಿಸ್ತಾರಾ?

ಹತ್ತು ವರ್ಷದ ಮಗಳಿಗೆ ಇದು ಮೊದಲ ವಿಮಾನ ಪ್ರಯಾಣ, ದಾವಣಗೆರೆಯಿಂದ ಶಿವಮೊಗ್ಗಕ್ಕೆ ಹೋಗಿ ಅಲ್ಲಿಂದ ಬೆಂಗಳೂರಿಗೆ ಹಾರ್ತೀವಿ, ದಾರಿಯಲ್ಲಿ ಪೈಲಟ್ ಕೂರೋ ಜಾಗ ತೋರಿಸಿ ಅಂದ್ರೆ ತೋರಿಸ್ತಾರಾ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯವಳೇ. ಎಂಟು ವರ್ಷ ಕ್ಯಾಬಿನ್ ಕ್ರೂ ಆಗಿದ್ದೆ. ಮಕ್ಕಳ ಕೈ ಹಿಡಿದುಕೊಂಡು ಬಂದು ಇದನ್ನೇ ಕೇಳಿದ ಅಪ್ಪ ಅಮ್ಮಂದಿರು ಎಷ್ಟೋ ಜನ.

ಹಾರುವಾಗ ಆಗಲ್ಲ. ಯಾರ ಪರಿಚಯ ಇದ್ದರೂ ಆಗಲ್ಲ. ಇಳಿದು ಎಂಜಿನ್ ನಿಂತ ಮೇಲೆ ಕೇಳಿದರೆ ಕೆಲವು ಸಲ ಆಗುತ್ತದೆ.

ಮೊದಲೆಲ್ಲ ಬಿಡ್ತಿದ್ರು ಅಂತ ಹಿರಿಯರು ಹೇಳುವುದು ನಿಜ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನಗಳನ್ನು ಅಪಹರಿಸಿ ನಡೆಸಿದ ದಾಳಿ ಆದ ಮೇಲೆ ಅದು ನಿಂತಿತು. 2003ರ ನವೆಂಬರ್‌ನಿಂದ 60ಕ್ಕಿಂತ ಜಾಸ್ತಿ ಸೀಟಿನ ವಿಮಾನಗಳಿಗೆ ಗುಂಡಿಗೂ ಜಗ್ಗದ ಕಾಕ್‌ಪಿಟ್ ಬಾಗಿಲು ಕಡ್ಡಾಯವಾಯಿತು. ನಾವು ಪೈಲಟ್‌ಗಳಿಗೆ ಕಾಫಿ ಕೊಡಬೇಕಾದರೂ ಮೊದಲು ಒಳಗೆ ಫೋನ್ ಮಾಡಬೇಕಿತ್ತು. ಹೊರಗೆ ಯಾರಿದ್ದಾರೆ ಅಂತ ನೋಡಿಕೊಂಡೇ ಬಾಗಿಲು ತೆಗೆಯುತ್ತಿದ್ದರು.

ಅಪಹರಣದ ಭಯ ಒಂದೇ ಕಾರಣ ಅಲ್ಲ. 1994ರ ಮಾರ್ಚ್ 23ರಂದು ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೊರಟಿದ್ದ, ರಷ್ಯಾದ ಏರೋಫ್ಲಾಟ್ ಕಂಪನಿಯ ವಿಮಾನದಲ್ಲಿ ಪೈಲಟ್ ಒಬ್ಬರು ತಮ್ಮ ಮಕ್ಕಳನ್ನು ಒಳಗೆ ಕರೆದು ತಮ್ಮ ಸೀಟಿನಲ್ಲಿ ಕೂರಿಸಿದರು. 15 ವರ್ಷದ ಮಗ ಕಂಟ್ರೋಲನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದ. ವಿಮಾನವನ್ನು ತಾನಾಗಿಯೇ ನಡೆಸುವ ಆಟೋಪೈಲಟ್ ಅರ್ಧಂಬರ್ಧ ಆಫ್ ಆಯಿತು. ಸದ್ದಾಗಲಿಲ್ಲ, ದೀಪ ಮಾತ್ರ ಹತ್ತಿತು, ಅದು ಯಾರ ಕಣ್ಣಿಗೂ ಬೀಳಲಿಲ್ಲ. ವಿಮಾನ ಒಂದು ಪಕ್ಕಕ್ಕೆ ವಾಲುತ್ತಾ ಹೋಗಿ ಸೈಬೀರಿಯಾದಲ್ಲಿ ಬಿತ್ತು. 75 ಜನ ಹೋದರು. ಆ ಅಪ್ಪನಿಗೂ ಮಕ್ಕಳ ಮೇಲಿನ ಪ್ರೀತಿಯೇ ಅಲ್ವಾ? ನೆನೆದರೆ ಈಗಲೂ ಸಂಕಟ ಆಗುತ್ತದೆ.

ನಮ್ಮಲ್ಲೂ ಇದನ್ನು ಸುಮ್ನೆ ಬಿಡುವುದಿಲ್ಲ. ನೀವು ಹೊರಡುವ ಶಿವಮೊಗ್ಗ ನಿಲ್ದಾಣ ಉದ್ಘಾಟನೆಯಾದ ದಿನವೇ, 2023ರ ಫೆಬ್ರವರಿ 27ರಂದು, ದುಬೈನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ಪೈಲಟ್ ಒಬ್ಬರು ಪ್ರಯಾಣಿಕಳಾಗಿದ್ದ ಗೆಳತಿಯನ್ನು ಕಾಕ್‌ಪಿಟ್‌ಗೆ ಕರೆದುಕೊಂಡರು. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ, ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಹಾಕಿ, ಪೈಲಟ್ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿತು.

ಈಗ ನಿಮ್ಮ ಮಗಳ ವಿಷಯ. ವಿಮಾನ ಹತ್ತುವಾಗಲೇ ಬಾಗಿಲಲ್ಲಿ ನಿಂತಿರುವ ಕ್ರೂಗೆ ಹೇಳಿಡಿ: "ಇಳಿದ ಮೇಲೆ ಕ್ಯಾಪ್ಟನ್ ಒಪ್ಪಿದರೆ ಮಗಳಿಗೆ ಒಮ್ಮೆ ತೋರಿಸ್ತೀರಾ?" ಆಮೇಲೆ ಎಲ್ಲರೂ ಇಳಿಯುವವರೆಗೆ ಸೀಟಿನಲ್ಲೇ ಕಾಯಿರಿ. ಒಂದು ತೊಡಕಿದೆ. ಶಿವಮೊಗ್ಗದಿಂದ ಎಟಿಆರ್, ಅಂದರೆ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಸಣ್ಣ ವಿಮಾನ ಆದರೆ, ಹತ್ತುವುದು ಇಳಿಯುವುದು ಹಿಂದಿನ ಬಾಗಿಲಿಂದ. ಕಾಕ್‌ಪಿಟ್ ಪೂರ್ತಿ ಮುಂದೆ, ನಡುವೆ ಲಗೇಜ್ ತುಂಬುವ ಜಾಗ. ಅಲ್ಲಿ ಅವಕಾಶ ಕಮ್ಮಿ. ಏರ್‌ಬಸ್‌ನಂಥ ದೊಡ್ಡ ಜೆಟ್ ವಿಮಾನದಲ್ಲಿ ಮುಂದಿನ ಬಾಗಿಲ ಪಕ್ಕದಲ್ಲೇ ಕಾಕ್‌ಪಿಟ್ ಇರುವುದರಿಂದ ಸುಲಭ. ಮರುಪ್ರಯಾಣಕ್ಕೆ ಜನ ತುಂಬುವ ಅವಸರ ಇದ್ದರೆ ಎಲ್ಲಿಯೂ ಕಷ್ಟ, ದಿನದ ಕೊನೆಯ ವಿಮಾನವಾದರೆ ಕೇಳಿ ನೋಡಿ. ಫೋಟೋ ತೆಗೆಯುವ ಮುಂಚೆಯೂ ಕೇಳಿ.

ಕಾಶಿಯಿಂದ ಬೆಂಗಳೂರಿಗೆ ಬರುವಾಗ ಜಗಳೂರು ಕಡೆಯ ಒಬ್ಬ ಅಜ್ಜ, ನನ್ನ ಮಾತು ಕೇಳಿ ನಮ್ಮೂರ ಕಡೆಯವಳು ಅಂತ ಗುರುತು ಹಿಡಿದು, "ತಾಯೀ, ಡ್ರೈವರ್ ಕೂರೋ ಜಾಗ ನೋಡಬಹುದೇನವ್ವಾ?" ಅಂದರು. ಇಳಿದ ಮೇಲೆ ಅಂದೆ. ಕಾದು ಕೂತರು. ಕ್ಯಾಪ್ಟನ್ ಕರೆದಾಗ ಚಪ್ಪಲಿ ಬಿಚ್ಚಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಬಗ್ಗಿ ನೋಡಿದರು. ಏನನ್ನೂ ಮುಟ್ಟಲಿಲ್ಲ. ಮಳೆ ಬಂದರೆ ಗಾಜು ಒರೆಸೋದು ಹೇಗೆ ಅಂತ ಕೇಳಿದರು. ಕ್ಯಾಪ್ಟನ್ ವೈಪರ್ ತೋರಿಸಿದಾಗ, "ನಮ್ಮ ಬಸ್ಸಿಗಿದ್ದ ಹಂಗೇ ಐತಲ್ಲ!" ಅಂತ ನನ್ನ ಕಡೆ ತಿರುಗಿ ನಕ್ಕರು.