ಡಿಸೆಂಬರ್‌ನಲ್ಲಿ ಮೂರು ದಿನಕ್ಕೆ ರಷ್ಯಾದ ಉತ್ತರ ತುದಿಯ ಮುರ್ಮಾನ್ಸ್ಕ್‌ಗೆ ಹೋಗ್ತಿದ್ದೇವೆ, ಯಾವ ಜಾಕೆಟ್ ತಗೊಳ್ಳೋದು?

ಜಾಕೆಟ್ ಆಮೇಲೆ. ಮೊದಲು ಆ ಮೂರು ದಿನದ ಲೆಕ್ಕ ಬದಲಾಯಿಸಿ. ಎರಡು ದಿನ ಮುರ್ಮಾನ್ಸ್ಕ್ ಊರು, ಮೂರನೇ ದಿನ ತೆರಿಬೆರ್ಕಾ, ಮರುದಿನ ಬೆಳಗ್ಗೆ ಮಾಸ್ಕೋಗೆ ವಿಮಾನ ಅಂತ ಬರೆದಿದ್ದೀರಿ. 2024ರ ಜನವರಿ ಕೊನೆಯಲ್ಲಿ ನಾನೂ ನನ್ನ ಗಂಡನೂ ಹಾಕಿಕೊಂಡಿದ್ದು ಇದೇ ಪ್ಲಾನ್. ಓದುವಾಗಲೇ ಎದೆ ಧಸಕ್ ಅಂತು.

ತೆರಿಬೆರ್ಕಾ ಬ್ಯಾರೆಂಟ್ಸ್ ಸಮುದ್ರದ ದಡದ ಮೀನುಗಾರರ ಹಳ್ಳಿ. ಮುರ್ಮಾನ್ಸ್ಕ್‌ನಿಂದ ಸುಮಾರು 120 ಕಿ.ಮೀ. ಬೆಂಗಳೂರಿಂದ ಮೈಸೂರಿಗಿಂತ ಹತ್ತಿರ, ಬೆಳಗ್ಗೆ ಹೋಗಿ ಸಂಜೆ ಬರಬಹುದು ಅಂದುಕೊಂಡೆವು. ಆದರೆ ಕೊನೆಯ 40 ಕಿ.ಮೀ. ಬರೀ ಬಯಲು. ಗಾಳಿಗೆ ಅಡ್ಡ ಒಂದು ಮರವೂ ಇಲ್ಲ. ಆಕಾಶದಿಂದ ಹಿಮ ಬೀಳದಿದ್ದರೂ ನೆಲದ ಹಿಮವೇ ಎದ್ದು ರಸ್ತೆ ಮುಚ್ಚಿಬಿಡುತ್ತದೆ. ಆಗ ಗೇಟ್ ಹಾಕುತ್ತಾರೆ. ಯಾವಾಗ ತೆಗೆಯುತ್ತಾರೆ ಅಂತ ಯಾರೂ ಹೇಳೋಕಾಗಲ್ಲ.

ಹೋಗುವಾಗ ಆಕಾಶ ತಿಳಿಯಾಗಿತ್ತು. ದಡದ ದುಂಡು ಕಲ್ಲುಗಳನ್ನೂ, ಪಕ್ಕೆಲುಬು ಮಾತ್ರ ಉಳಿದ ಹಳೇ ಮರದ ದೋಣಿಗಳನ್ನೂ ನೋಡಿ ಬರುವಷ್ಟರಲ್ಲಿ ಡ್ರೈವರ್ ಫೋನ್ ಹಿಡಿದು ನಿಂತಿದ್ದ. 'ದರೋಗಾ ಜಕ್ರೀತಾ' ಅಂದ. ರಸ್ತೆ ಬಂದ್.

ಎರಡು ರಾತ್ರಿ ಅಲ್ಲೇ. ನಾವು ಮೀನು ತಿನ್ನಲ್ಲ ಅಂತ ಗೊತ್ತಾದ ಮೇಲೆ ಮನೆಯಾಕೆ ಮೂರು ಹೊತ್ತೂ ಆಲೂಗಡ್ಡೆ ಬೇಯಿಸಿ ಕೊಟ್ಟರು. ಮೂರನೇ ದಿನ ಹಿಮ ತಳ್ಳುವ ಗಾಡಿ ಮುಂದೆ, ಕಾರುಗಳ ಸಾಲು ಹಿಂದೆ. ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣ್ತಿರಲಿಲ್ಲ.

ಮಾಸ್ಕೋ ವಿಮಾನ ತಪ್ಪಿತು. ಅಲ್ಲಿಂದ ನಮ್ಮೂರಿಗೆ ಟಿಕೆಟ್ ಬೇರೆಯಾಗಿ ಬುಕ್ ಮಾಡಿದ್ದರಿಂದ ಅದೂ ಹೋಯಿತು. ಆ ದುಡ್ಡು ಹೇಗೋ ತುಂಬಿಕೊಂಡೆವು. ಆದರೆ ಅಣ್ಣನ ಮಗಳ ನಾಮಕರಣ ಇತ್ತು. ಸೋದರತ್ತೆ ನಾನು, ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು. 'ಪುಟ್ಟೀ, ಚಿಕ್ಕಮ್ಮನ ಮಗಳ ಕೈಲಿ ಹೇಳಿಸಿದ್ವಿ ಕಣೇ' ಅಂತ ಅಣ್ಣ ಫೋನ್ ಮಾಡಿದಾಗ ನಾನಿನ್ನೂ ಮುರ್ಮಾನ್ಸ್ಕ್ ಏರ್‌ಪೋರ್ಟಿನಲ್ಲಿದ್ದೆ.

ತಪ್ಪು ಹಿಮದ್ದಲ್ಲ. ಚಳಿಗೆ ಒಗ್ಗಿಕೊಂಡು ಕೊನೆಗೆ ದೊಡ್ಡ ಜಾಗ ನೋಡೋಣ ಅಂತ ತೆರಿಬೆರ್ಕಾವನ್ನು ಕೊನೆಗಿಟ್ಟೆವಲ್ಲ, ಅದು ತಪ್ಪು. ಮೊದಲೇ ಹೋಗಿದ್ದರೆ ಅದೇ ಎರಡು ರಾತ್ರಿ ಸಿಕ್ಕಿಹಾಕಿಕೊಂಡಿದ್ದರೂ ಊರು ನೋಡೋದು ಕಮ್ಮಿ ಆಗ್ತಿತ್ತು, ಅಷ್ಟೇ. ವೀಸಾವನ್ನೂ ದಿನ ಎಣಿಸಿ ಬಳಸಬೇಡಿ. ಆಗ ಇ-ವೀಸಾಗೆ 16 ದಿನ ಇತ್ತು. ನಮಗೆ ನಾಲ್ಕು ದಿನ ಉಳಿದಿದ್ದರಿಂದ ಬಚಾವಾದೆವು.

ನಗದು ಮೈಮೇಲೇ ಇರಲಿ. 2022ರ ಮಾರ್ಚ್‌ನಿಂದ ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ನಡೆಯಲ್ಲ. ನಾವು ಡಾಲರ್ ನೋಟುಗಳನ್ನು ಮುರ್ಮಾನ್ಸ್ಕ್ ಹೋಟೆಲಿನ ಪೆಟ್ಟಿಗೆಯಲ್ಲಿ ಬಿಟ್ಟು ಹೋಗಿದ್ದೆವು. ಎರಡನೇ ರಾತ್ರಿಯ ಬಾಡಿಗೆಗೆ ಡ್ರೈವರ್ ಹತ್ತಿರ ಸಾಲ ಕೇಳಬೇಕಾಯಿತು.

ಡಿಸೆಂಬರ್ ಕೂಡ ನನಗೆ ಒಪ್ಪಿಗೆಯಿಲ್ಲ. ಡಿಸೆಂಬರ್ 2ರ ಸುಮಾರಿಗೆ ಮುಳುಗಿದ ಸೂರ್ಯ ಅಲ್ಲಿ ಮತ್ತೆ ಹುಟ್ಟೋದು ಜನವರಿ 11ರ ಸುಮಾರಿಗೆ. ಕತ್ತಲೆ ಜಾಸ್ತಿ ಇದ್ದರೆ ಅರೋರಾ, ಅಂದರೆ ರಾತ್ರಿ ಆಕಾಶದ ಬಣ್ಣದ ಬೆಳಕು, ಜಾಸ್ತಿ ಕಾಣುತ್ತೆ ಅಂತಲ್ಲ, ಮೋಡ ಇದ್ದರೆ ಮುಗೀತು. ನಮಗೆ ಊರಿನ ಎರಡು ರಾತ್ರಿಯೂ ಮೋಡವೇ. ಗ್ಯಾರಂಟಿ ತೋರಿಸ್ತೇವೆ ಅನ್ನೋರಿಗೆ ದುಡ್ಡು ಕೊಡಬೇಡಿ. ಮಾರ್ಚ್‌ನಲ್ಲಿ ಹೋದರೆ ಹಗಲೂ ಇರುತ್ತೆ, ಕತ್ತಲ ರಾತ್ರಿಯೂ ಇರುತ್ತೆ.

ಇನ್ನು ಜಾಕೆಟ್. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚನೆ ಪ್ರವಾಹದಿಂದ ಅಲ್ಲಿನ ಬಂದರು ಹೆಪ್ಪುಗಟ್ಟಲ್ಲ. ಜನವರಿಯ ಸರಾಸರಿ ಮೈನಸ್ 10ರ ಆಸುಪಾಸು. ಕೊರೆಯೋದು ಗಾಳಿ. ಗಾಳಿ ತಡೆಯುವಂಥದ್ದು ಯಾವುದಾದರೂ ಸಾಕು, ಒಳಗೆ ಮಾತ್ರ ಉಣ್ಣೆಯದು ಹಾಕಿ. ಹತ್ತಿ ಬೆವರು ಹೀರಿ ಒದ್ದೆಯಾಗೇ ಇರುತ್ತೆ.

ಮಾರ್ಚ್‌ಗೆ ರಜೆ ಸಿಗುತ್ತಾ ನೋಡಿ. ಆರು ದಿನ ಇಟ್ಟುಕೊಳ್ಳಿ, ತೆರಿಬೆರ್ಕಾ ಎರಡನೇ ದಿನಕ್ಕೆ. ಲೆನಿನ್ ಅನ್ನೋ ಅಣುಶಕ್ತಿಯ ಹಿಮಭೇದಕ ಹಡಗು ಬಂದರಿನಲ್ಲೇ ಮ್ಯೂಸಿಯಂ ಆಗಿ ನಿಂತಿದೆ, ಅದನ್ನು ಕೊನೆಗಿಡಿ.