ಹೆರಿಗೆಯಾಗಿ ಮೂರು ವಾರ, ಮೂತ್ರ ಸೋರುವುದು ನಿಂತಿಲ್ಲ. ಕಾಯಬಹುದಾ?

ನಿಮ್ಮ ತಂಗಿ ಎರಡು ದಿನ ನೋವು ತಿಂದು ಹೆತ್ತಳು, ಈಗ ಹಗಲೂ ರಾತ್ರಿ ಮೂತ್ರ ಸೋರುತ್ತಲೇ ಇದೆ ಅಂತ ಬರೆದಿದ್ದೀರಿ. "ಬಾಣಂತಿಗೆ ಇದೆಲ್ಲ ಇದ್ದದ್ದೇ, ಮೂರು ತಿಂಗಳಾದರೆ ಸರಿಹೋಗುತ್ತೆ" ಅಂತ ದೊಡ್ಡಮ್ಮ ಹೇಳಿದರು, ಕಾಯಬಹುದಾ ಅಂತ ಕೇಳಿದ್ದೀರಿ.

ಕಾಯಬೇಡಿ. ನಾಳೆಯೇ ಕರೆದುಕೊಂಡು ಹೋಗಿ.

ನಾನು ಡಾಕ್ಟರ್ ಅಲ್ಲ, ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿ ಕಡೆಯ ಕನ್ನಡದವಳು. ಆದರೆ ಸುಮ್ನಿದ್ದು ಎರಡು ವರ್ಷ ಕಳೆದುಕೊಂಡವಳು, ಅದಕ್ಕೇ ಬರೆಯುತ್ತಿದ್ದೇನೆ.

ಕೆಮ್ಮಿದಾಗ, ನಕ್ಕಾಗ ನಾಲ್ಕು ಹನಿ ಸೋರುವುದು ತುಂಬ ಬಾಣಂತಿಯರಿಗೆ ಇರುತ್ತದೆ. ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಮಾಡಿದರೆ ಜಾಸ್ತಿ ಜನರಿಗೆ ಕಡಿಮೆಯಾಗುತ್ತದೆ. ಮಲಗಿದ್ದಾಗಲೂ ಬಟ್ಟೆ ಒದ್ದೆಯಾಗುತ್ತಲೇ ಇದ್ದರೆ ಅದು ಬೇರೆ. ಕೂಸಿನ ತಲೆ ಇಳಿಯಲಾಗದೆ ಸೊಂಟದ ಮೂಳೆಗೆ ಒತ್ತಿಕೊಂಡು ನಿಂತುಬಿಟ್ಟರೆ, ಮಧ್ಯೆ ಸಿಕ್ಕಿದ ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ಆ ಜಾಗ ಸಾಯುತ್ತದೆ. ಕೆಲವು ದಿನಕ್ಕೆ ಅದು ಕಳಚಿ, ಮೂತ್ರಕೋಶಕ್ಕೂ ಹೆರಿಗೆ ದಾರಿಗೂ ನಡುವೆ ತೂತು ಬೀಳುತ್ತದೆ. ಇದಕ್ಕೆ ಫಿಸ್ಟುಲಾ ಅಂತಾರೆ. ನಿಮ್ಮ ತಂಗಿಗೆ ಅದೇ ಅಂತ ನಾನು ಹೇಳಲಾರೆ. ಪರೀಕ್ಷೆ ಮಾಡಿದವರೇ ಹೇಳಬೇಕು. ಆದರೆ ತೂತು ಸಣ್ಣದಿದ್ದು ಬೇಗ ಹೋದರೆ, ಕೆಲವು ವಾರ ಕ್ಯಾತಿಟರ್ (ಮೂತ್ರ ಹೊರಗೆ ಹರಿಯಲು ಹಾಕುವ ಕೊಳವೆ) ಹಾಕಿಟ್ಟರೇ ಮುಚ್ಚಿಕೊಳ್ಳುವುದುಂಟು. ತಡವಾದರೆ ಆಪರೇಷನ್ನೇ ಬೇಕಾಗುತ್ತದೆ. ಅದೂ ವಾಸಿಯಾಗುವ ಕಾಯಿಲೆಯೇ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಕ್ಯಾಥರಿನ್ ಹ್ಯಾಮ್ಲಿನ್ ಮತ್ತು ಅವರ ಗಂಡ ಇದಕ್ಕೆಂದೇ 1974ರಲ್ಲಿ ಒಂದು ಆಸ್ಪತ್ರೆ ಕಟ್ಟಿದರು. ಸಾವಿರಾರು ಹೆಂಗಸರು ಅಲ್ಲಿ ಗುಣವಾಗಿ ಮನೆಗೆ ಹೋಗಿದ್ದಾರೆ.

ಇನ್ನೊಂದು ಮಾತು. ಸೋರುತ್ತದೆ ಅಂತ ತಂಗಿ ನೀರು ಕುಡಿಯುವುದು ಬಿಟ್ಟಿರಬಹುದು, ಕೇಳಿ ನೋಡಿ. ನೀರು ಕಡಿಮೆಯಾದಷ್ಟೂ ಮೂತ್ರ ಗಟ್ಟಿಯಾಗಿ ತೊಡೆ ಉರಿಯುತ್ತದೆ. ಚೆನ್ನಾಗಿ ಕುಡಿಯಲಿ.

ನನ್ನದು ಮೂತ್ರದ ತೊಂದರೆಯಲ್ಲ. ಮೊದಲ ಹೆರಿಗೆಗೆ ದಿಂಬಂ ಘಟ್ಟದ 27 ತಿರುವು ಇಳಿದು ಒಂದು ಆಸ್ಪತ್ರೆಗೆ ಹೋಗಿದ್ದೆವು. ಬೇಗ ಆಗಲಿ ಅಂತ ಮೇಲಿನಿಂದ ಹೊಟ್ಟೆ ಒತ್ತಿದರು. ಹೀಗೆ ಒತ್ತಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಆಗ ನನಗೆ ಗೊತ್ತಿರಲಿಲ್ಲ. ಹರಿದದ್ದು ಗುದದ ಸ್ನಾಯುವಿನವರೆಗೂ ಹೋಗಿತ್ತು. ಯಾರೂ ಬೆರಳಿಟ್ಟು ಪರೀಕ್ಷೆ ಮಾಡಲಿಲ್ಲ, ಮೇಲಷ್ಟೇ ಹೊಲಿಗೆ ಹಾಕಿದರು. ಮನೆಗೆ ಕಳಿಸುವಾಗ ನರ್ಸ್ ತಮಿಳಿನಲ್ಲಿ "ಎಲ್ಲಾಂ ಸರಿಯಾ?" ಅಂದರು. ನಾನು "ಸರಿ" ಅಂದೆ. ಆ ಮಾತು ಎರಡೂ ಭಾಷೆಗೆ ಒಂದೇ ಅಲ್ವಾ. ಗಾಳಿ, ಮಲ ಹಿಡಿಯಲು ಆಗುತ್ತಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ತಮಿಳಿರಲಿಲ್ಲ. ಕನ್ನಡದಲ್ಲಿ ಅವ್ವನಿಗೂ ಹೇಳಲು ಬಾಯಿ ಬರಲಿಲ್ಲ. ಬಸ್ಸು ಹತ್ತುವುದು ಬಿಟ್ಟೆ. ಬಣ್ಣಾರಿ ಜಾತ್ರೆಗೆ ಎರಡು ವರ್ಷ ಹೋಗಲಿಲ್ಲ. ಕೊನೆಗೆ ಆಪರೇಷನ್ ಆಯಿತು. ಈಗ ಬಹಳ ವಾಸಿ, ಪೂರ್ತಿ ಅಲ್ಲ. ಹೆರಿಗೆಯಾದ ದಿನವೇ ಕಂಡು ಸರಿಯಾಗಿ ಹೊಲಿದಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಂತ ಆಪರೇಷನ್ ಮಾಡಿದ ಡಾಕ್ಟರ್ ಹೇಳಿದರು. ಆ ಮಾತು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ನಿಮ್ಮ ಮನೆಯಲ್ಲಿ ಇನ್ನು ಯಾರಾದರೂ ಬಸುರಿಯಾಗಿದ್ದರೆ ಇದನ್ನು ನೆನಪಿಡಿ. "ಚೊಚ್ಚಲ ಹೆರಿಗೆ, ಎರಡು ದಿನ ಹಿಡಿಯುತ್ತೆ" ಅಂತ ಮನೆಯಲ್ಲಿ ಕೂರಬೇಡಿ. ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದ ಮೇಲೆ, ಪೂರ್ತಿ ತೆರೆಯಲು ಮೊದಲ ಹೆರಿಗೆಗೂ ಸಾಮಾನ್ಯವಾಗಿ 12 ಗಂಟೆ ದಾಟುವುದಿಲ್ಲ. ಅದನ್ನು ಹಾಳೆಯಲ್ಲಿ ಗುರುತು ಹಾಕಿ ನೋಡುವವರು ಆಸ್ಪತ್ರೆಯಲ್ಲಿ ಇರಬೇಕು. ನಿಂತುಹೋದರೆ ಸಿಸೇರಿಯನ್ ಮಾಡುವ ಜಾಗಕ್ಕೆ ಆಗಲೇ ಕಳಿಸಬೇಕು. 108ಕ್ಕೆ ಫೋನ್ ಮಾಡಿ. ದಿಂಬಂ ದಾರಿಯಲ್ಲಿ ರಾತ್ರಿ ಗಾಡಿಗಳಿಗೆ ತಡೆ ಇದ್ದರೂ ಆಂಬುಲೆನ್ಸ್‌ಗೆ ಇಲ್ಲ. ಬೆಳಗಾಗಲಿ ಅಂತ ಕಾಯುವ ಅಗತ್ಯವೇ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ ಎಲ್ಲ ಉಚಿತ. 2011ರಿಂದ ದೇಶಕ್ಕೆಲ್ಲ ಇದೇ ನಿಯಮ.

ತಂಗಿಯನ್ನು ಎಲ್ಲಿಗೆ ಕರೆದೊಯ್ಯುವುದು? ಭಾಷೆ ಭಯ ಇದ್ದರೆ ಚಾಮರಾಜನಗರ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಿ, ಇಲ್ಲವೇ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ. ಸತ್ಯಮಂಗಲ, ಈರೋಡ್ ಕಡೆ ಹೋದರೂ ಸರಿ. ಆದರೆ ನೀವು ಜೊತೆಗೆ ಒಳಗೆ ಹೋಗಿ, ಅವಳನ್ನು ಒಬ್ಬಳೇ ಕಳಿಸಬೇಡಿ. ಹೇಗಿದ್ದೀಯ ಅಂತ ಕೇಳಿದಾಗ ಅವಳು ಸರಿ ಅಂದುಬಿಟ್ಟರೆ ನೀವು ಬಾಯಿ ಬಿಡಿ. "ಸಿರುನೀರ್ ಒಳುಗುದು" ಅನ್ನಿ. ಮೂತ್ರ ಸೋರುತ್ತಿದೆ ಅನ್ನುವುದಕ್ಕೆ ತಮಿಳಿನಲ್ಲಿ ಅಷ್ಟು ಸಾಕು.